‘ಫಿನಿಶ್’ ಒತ್ತಿದ ಮೇಲಿನ ಕೆಲಸ

ಸಂಪಾದಕರಿಗೆ,

ಮಾನ್ಯರೇ,

ಸಂಘದ ಗ್ರಂಥಾಲಯವೋ, ಊರಿನ ಡೇರಿಯೋ, ಶಾಲೆಯ ಕಚೇರಿಯೋ, ಮನೆಯಲ್ಲಿನ ಪುಸ್ತಕಗಳ ಪಟ್ಟಿಯೋ, ಯಾವುದೇ ಇರಲಿ, ಒಂದು ಮಾಮೂಲಿ ಕಂಪ್ಯೂಟರಿನಲ್ಲಿ ಡೇಟಾಬೇಸ್ ಸರ್ವರ್ (ದಾಖಲೆ ಕಾಪಿಟ್ಟು, ಕೇಳಿದವರಿಗೆ ಒದಗಿಸುವ ಪ್ರೋಗ್ರಾಂ) ಹಾಕಿಕೊಂಡು ದಾಖಲೆ ಇಡಲು ಈಗ ಯಾರ ಅಪ್ಪಣೆಯೂ ಬೇಡ, ಕಾಸೂ ಬೇಡ. ಹಾಕಿಕೊಳ್ಳುವುದು ಹೇಗೆ ಎಂದು ತೋರಿಸುವ ಬರಹ, ವಿಡಿಯೊಗಳಿಗೂ ಬರವಿಲ್ಲ. ಆದರೆ ಅವು ಬಹುಪಾಲು ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಎಂಬಲ್ಲಿಗೆ ಕೈತೊಳೆದುಕೊಳ್ಳುತ್ತವೆ. ಕನ್ನಡದಲ್ಲಿ ದಾಖಲೆ ಇಡುವವರ ಪಾಡು ಶುರುವಾಗುವುದೇ ಅಲ್ಲಿಂದಾಚೆ. ಆ ಆಚೆಯ ಕೆಲಸವನ್ನು ಬರೆಯಲು ಈ ಪತ್ರ. ಕಮಾಂಡುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಟೈಪಿಸುವಾಗ ಇಂಗ್ಲಿಷಿನಲ್ಲಿ ಟೈಪಿಸಬೇಕು.

ಮೊದಲು ಕಾಲೇಜು ಲ್ಯಾಬಿನ ಚಾಳಿಯ ಮಾತು. ಲ್ಯಾಬಿನಲ್ಲಿ ಕಲಿತವರು ಕೈಹಾಕುವುದು ಕಲಿಕೆಗೆಂದು ಸರ್ವರ್ ಮುಂತಾದವನ್ನು ಒಂದೇ ಗಂಟಿನಲ್ಲಿ ಕೊಡುವ ಕ್ಸ್ಯಾಂಪ್‌ಗೆ. ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಮೈಎಸ್‌ಕ್ಯುಎಲ್’ ಎಂದು ಬರೆದಿದ್ದರೂ 2015ರಿಂದ ಒಳಗಿರುವುದು ಮರಿಯಾಡಿಬಿ. ಈ ಎರಡೂ ಡೇಟಾಬೇಸ್ ಸರ್ವರ್‌ಗಳು ಒಂದೇ ಬಳ್ಳಿಯವು. 1995ರಲ್ಲಿ ಸ್ವೀಡನ್‌ನ ಕಂಪನಿಯೊಂದರಿಂದ ಬಂದ ಮೈಎಸ್‌ಕ್ಯುಎಲ್, 2010ರಲ್ಲಿ ಒರಾಕಲ್ ಕೈಸೇರಿತು. ಅದಕ್ಕೆ ತುಸು ಮೊದಲೇ ಮೂಲ ಕರ್ತೃಗಳಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಕವಲೊಡೆದು ಮರಿಯಾಡಿಬಿ ಕಟ್ಟಿದರು. ಒಂದಕ್ಕೆ ಅವರ ದೊಡ್ಡ ಮಗಳ ಹೆಸರು, ಇನ್ನೊಂದಕ್ಕೆ ಚಿಕ್ಕವಳ ಹೆಸರು. ಇರಲಿ. ಕ್ಸ್ಯಾಂಪ್‌ನಲ್ಲಿ ‘ರೂಟ್’ ಎಂಬ ಮುಖ್ಯ ಖಾತೆಗೆ ಪಾಸ್‌ವರ್ಡೇ ಇರುವುದಿಲ್ಲ, ಸರ್ವರ್ ವಿಂಡೋಸ್ ಸರ್ವಿಸ್ (ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ) ಆಗಿಯೂ ಓಡುವುದಿಲ್ಲ. ಅಭ್ಯಾಸಕ್ಕೆ ಅದು ಚೆನ್ನ, ನಿಜವಾದ ದಾಖಲೆಗೆ ಸಲ್ಲ. ಅದನ್ನು ಮಾಡಿದವರೇ ಹಾಗೆ ಹೇಳಿದ್ದಾರೆ. ‘ಸ್ಟಾಪ್’ ಒತ್ತದೆ ಕಂಪ್ಯೂಟರ್ ಆರಿಸಿದರೆ ವಿಂಡೋಸ್ ಆ ಪ್ರೋಗ್ರಾಮನ್ನು ಕತ್ತು ಹಿಸುಕಿದಂತೆ ನಿಲ್ಲಿಸುತ್ತದೆ. ಹೀಗೆ ನಾಲ್ಕಾರು ಸಲ ಆದ ಮೇಲೆ ಒಂದು ಬೆಳಿಗ್ಗೆ ‘ಮೈಎಸ್‌ಕ್ಯುಎಲ್ ಷಟ್‌ಡೌನ್ ಅನೆಕ್ಸ್‌ಪೆಕ್ಟೆಡ್‌ಲಿ’ ಎಂಬ ಕೆಂಪಕ್ಷರ ಎದ್ದು ನಿಲ್ಲುತ್ತದೆ.

ಆಗ ಎಲ್ಲರೂ ಹೇಳಿಕೊಡುವ ಮದ್ದು ಒಂದೇ: ‘ಡೇಟಾ’ ಫೋಲ್ಡರಿನ ಹೆಸರು ಬದಲಿಸಿ, ‘ಬ್ಯಾಕಪ್’ ಫೋಲ್ಡರನ್ನು ಅದರ ಜಾಗಕ್ಕೆ ನಕಲು ಮಾಡಿ, ನಿಮ್ಮ ಡೇಟಾಬೇಸ್ ಫೋಲ್ಡರ್‌ಗಳನ್ನು ಹಳೆಯದರಿಂದ ತಂದು ಹಾಕಿ. ಇದರಲ್ಲಿ ಒಂದು ಸಾಲು ಬಿಟ್ಟುಹೋದರೂ ಕೆಟ್ಟಿತು. ‘ಐಬಿಡೇಟಾ1’ ಎಂಬ ಫೈಲನ್ನೂ ಹಳೆಯದರಿಂದಲೇ ತರಬೇಕು. ಟೇಬಲ್‌ಗಳ ಒಳಲೆಕ್ಕ ಇರುವುದು ಅದರಲ್ಲಿ. ಅದನ್ನು ಅಳಿಸಿದವರಿಗೆ ಟೇಬಲ್‌ಗಳ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ತೆರೆದರೆ ಮಾತ್ರ 1932 ಸಂಖ್ಯೆಯ ದೋಷ: ‘ಎಂಜಿನ್‌ನಲ್ಲಿ ಈ ಟೇಬಲ್ ಇಲ್ಲ’. ಹಾಗಾಗಿ ಯಾವ ಮದ್ದಿಗೂ ಮೊದಲು ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಬೇಕು.

ಸರ್ವರ್ ಬೇಕೇ ಎಂಬುದೂ ಕೇಳಿಕೊಳ್ಳಬೇಕಾದ ಮಾತೇ. ಒಂದೇ ಕಂಪ್ಯೂಟರ್, ಕೂರುವವರು ಒಬ್ಬರೇ ಎಂದಾದರೆ ಎಸ್‌ಕ್ಯುಲೈಟ್ ಸಾಕು. ಅದರಲ್ಲಿ ಸರ್ವಿಸ್ ಇಲ್ಲ, ಪೋರ್ಟ್ (ಬೇರೆ ಪ್ರೋಗ್ರಾಂಗಳು ಒಳಬರುವ ಸಂಖ್ಯೆಯ ಬಾಗಿಲು) ಇಲ್ಲ, ಪಾಸ್‌ವರ್ಡ್ ಕಾಟವಿಲ್ಲ. ಇಡೀ ಡೇಟಾಬೇಸ್ ಒಂದೇ ಫೈಲು. ಎರಡು ಮೂರು ಕಂಪ್ಯೂಟರಿನಿಂದ ಏಕಕಾಲಕ್ಕೆ ಬರೆಯಬೇಕು, ಒಬ್ಬೊಬ್ಬರಿಗೆ ಒಂದೊಂದು ಹಕ್ಕು ಕೊಡಬೇಕು ಎಂದಾಗ ಮಾತ್ರ ಸರ್ವರ್‌ಗೆ ಅರ್ಥ. ಮುಂದಿನದೆಲ್ಲ ಅಂಥವರಿಗಾಗಿ, ಮೈಎಸ್‌ಕ್ಯುಎಲ್ ಹಿಡಿದು ಹೇಳಿದ್ದು.

ಯಾವ ಆವೃತ್ತಿ? 8.0 ಸರಣಿಗೆ ಬೆಂಬಲ 2026ರ ಏಪ್ರಿಲ್‌ವರೆಗೆ ಮಾತ್ರ. ಹೊಸದಾಗಿ ಹಾಕುವವರು 2024ರಲ್ಲಿ ಬಂದ ದೀರ್ಘಾವಧಿ ಬೆಂಬಲದ 8.4ನ್ನೇ ಹಿಡಿಯುವುದು ಒಳ್ಳೆಯದು. ‘ಕಮ್ಯುನಿಟಿ’ ಆವೃತ್ತಿ ಉಚಿತ. ಇಳಿಸಿಕೊಳ್ಳುವ ಪುಟದಲ್ಲಿ ಒರಾಕಲ್ ಖಾತೆ ತೆರೆಯಿರಿ ಎಂದು ದೊಡ್ಡ ಗುಂಡಿಗಳು ಕರೆಯುತ್ತವೆ. ಕೆಳಗೆ ಸಣ್ಣಕ್ಷರದಲ್ಲಿ ‘ಬೇಡ, ಡೌನ್‌ಲೋಡ್ ಶುರುಮಾಡಿ’ ಎಂಬ ಸಾಲಿರುತ್ತದೆ, ಅದನ್ನು ಒತ್ತಿದರಾಯಿತು. ವಿಶುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಇಲ್ಲ ಎಂದು ಅಡ್ಡಗಟ್ಟಿದರೆ ಮೈಕ್ರೋಸಾಫ್ಟ್ ತಾಣದಿಂದ 64 ಬಿಟ್‌ನದನ್ನು ಮೊದಲು ಹಾಕಿಕೊಳ್ಳಬೇಕು.

ಫೈಲುಗಳು ಇಳಿದ ಮೇಲೆ ‘ಕಾನ್ಫಿಗರೇಟರ್’ ತೆರೆದುಕೊಳ್ಳುತ್ತದೆ. ಎಚ್ಚರದಿಂದ ಓದಬೇಕಾದ ಪರದೆ ‘ಟೈಪ್ ಆ್ಯಂಡ್ ನೆಟ್‌ವರ್ಕಿಂಗ್’. ಕಂಪ್ಯೂಟರಿನಲ್ಲಿ ಬೇರೆ ಕೆಲಸವೂ ನಡೆಯುವುದರಿಂದ ‘ಡೆವಲಪ್‌ಮೆಂಟ್ ಕಂಪ್ಯೂಟರ್’ ಆರಿಸಬೇಕು. ‘ಡೆಡಿಕೇಟೆಡ್’ ಎಂದರೆ ಇರುವ ಮೆಮೊರಿಯನ್ನೆಲ್ಲ ತನ್ನದೆಂದುಕೊಂಡು ಕೂರುತ್ತದೆ. ಪೋರ್ಟ್ 3306. ಅದರ ಜೊತೆಗೇ ಸಂಪರ್ಕದ ಇನ್ನೊಂದು ವಿಧಾನವಾದ ಎಕ್ಸ್ ಪ್ರೋಟೊಕಾಲ್‌ಗೆಂದು 33060 ಕೂಡ ಇರುತ್ತದೆ. ‘ಫೈರ್‌ವಾಲ್ ಪೋರ್ಟ್ ತೆರೆ’ ಎಂಬ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ. ಬೇರೆ ಕಂಪ್ಯೂಟರಿನಿಂದ ಸಂಪರ್ಕ ಬೇಡವೆಂದರೆ ಅದನ್ನು ತೆಗೆಯಬೇಕು. ಸರ್ವಿಸ್ ಹೆಸರು ‘ಮೈಎಸ್‌ಕ್ಯುಎಲ್84’ ಎಂದೇ ಇರಲಿ, ವಿಂಡೋಸ್ ಜೊತೆಗೇ ಶುರುವಾಗುವಂತಿರಲಿ. ರೂಟ್ ಪಾಸ್‌ವರ್ಡನ್ನು ಅಲ್ಲೇ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಮರೆತರೆ ಮತ್ತೆ ಕೂಡಿಸುವ ದಾರಿ ಇದೆ, ಹೊಸಬರಿಗೆ ಅದು ಅರ್ಧ ದಿನದ ಕೆಲಸ.

ಇಲ್ಲಿಯೇ ‘ಸ್ಟಾರ್ಟಿಂಗ್ ದ ಸರ್ವರ್’ ಎಂಬಲ್ಲಿ ನಿಂತುಬಿಟ್ಟರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಕ್ಸ್ಯಾಂಪ್ ಅಥವಾ ಹಳೆಯ ಸರ್ವರ್ 3306ನ್ನು ಆಗಲೇ ಹಿಡಿದುಕೊಂಡಿರಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್‌ಸ್ಟ್ಯಾಟ್ -ಎಎನ್‌ಒ’ ಕೊಟ್ಟು 3306 ಇರುವ ಸಾಲನ್ನು ನೋಡಿದರೆ, ಕೊನೆಯಲ್ಲಿರುವ ಸಂಖ್ಯೆ ಅದನ್ನು ಹಿಡಿದಿರುವ ಪ್ರೋಗ್ರಾಮಿನದು. ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ನಲ್ಲಿ ಆ ಸಂಖ್ಯೆಯ ಹೆಸರು ಸಿಗುತ್ತದೆ. ಇಲ್ಲವೇ, ಹಿಂದೊಮ್ಮೆ ಹಾಕಿ ತೆಗೆದಿದ್ದ ಸರ್ವರಿನ ಡೇಟಾ ಫೋಲ್ಡರ್ ಸಿ ಡ್ರೈವಿನ ‘ಪ್ರೋಗ್ರಾಂಡೇಟಾ’ದಲ್ಲಿ ಉಳಿದಿರಬಹುದು. ಇದು ಅಡಗಿಸಿದ ಫೋಲ್ಡರ್, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಮೈ.ಐಎನ್‌ಐ ಎಂಬ ಸರ್ವರಿನ ಸೆಟ್ಟಿಂಗ್‌ಗಳ ಫೈಲ್ ಇರುವುದೂ ಇದರೊಳಗೇ. ‘ಪ್ರೋಗ್ರಾಂ ಫೈಲ್ಸ್’ನಲ್ಲಿ ತಾವೇ ಒಂದು ಮೈ.ಐಎನ್‌ಐ ಸೃಷ್ಟಿಸಿ, ಏನು ಬದಲಿಸಿದರೂ ಸರ್ವರ್ ಕೇಳುತ್ತಿಲ್ಲ ಎಂದು ಗೊಣಗುವವರುಂಟು. ಈ ಫೈಲನ್ನು ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ‘ಯುಟಿಎಫ್-8 ವಿತ್ ಬಿಒಎಂ’ ಬೇಡ. ಮೊದಲಲ್ಲಿ ಕಾಣದ ಮೂರು ಬೈಟ್ ಸೇರಿಕೊಂಡು ಸರ್ವರ್ ಏಳುವುದಿಲ್ಲ. ಫೋಲ್ಡರುಗಳ ದಾರಿಗಳನ್ನು (ಪಾತ್) ಬರೆಯುವಾಗ ಮುಂದಕ್ಕೆ ವಾಲಿದ ಗೆರೆಯನ್ನೇ ಬಳಸಬೇಕು. ಹಿಂದಕ್ಕೆ ವಾಲಿದ ಗೆರೆಯ ಮುಂದೆ ‘ಎನ್’ ಬಂದರೆ ಹೊಸ ಸಾಲು, ‘ಟಿ’ ಬಂದರೆ ಟ್ಯಾಬ್ ಎಂದು ಸರ್ವರ್ ಅರ್ಥಮಾಡಿಕೊಳ್ಳುತ್ತದೆ. ಏನೇ ಕೆಟ್ಟರೂ ಡೇಟಾ ಫೋಲ್ಡರಿನಲ್ಲಿ ಕಂಪ್ಯೂಟರಿನ ಹೆಸರಿನಲ್ಲೇ ಇರುವ ‘.ಇಆರ್‌ಆರ್’ ಫೈಲಿನ ಕೊನೆಯ ಇಪ್ಪತ್ತು ಸಾಲು ಓದಿ. ಕಾರಣ ಬಹುತೇಕ ಅಲ್ಲೇ ಬರೆದಿರುತ್ತದೆ.

ಮೆಮೊರಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 20,000 ಪುಸ್ತಕ, ಒಂದೊಂದಕ್ಕೆ 1 ಕೆಬಿ ಎಂದು ಧಾರಾಳವಾಗಿ ಹಿಡಿದರೂ 20 ಎಂಬಿ. ಸರ್ವರ್ ತಾನಾಗಿ ಇಟ್ಟುಕೊಳ್ಳುವ ಬಫರ್ ಪೂಲ್ (ದಾಖಲೆಗೆಂದು ಮೆಮೊರಿಯಲ್ಲಿ ಮೀಸಲಿಟ್ಟ ಜಾಗ) 128 ಎಂಬಿ. ಇಡೀ ಗ್ರಂಥಾಲಯದ ಪಟ್ಟಿ ಅದರಲ್ಲಿ ಆರು ಸಲ ಹಿಡಿಸುತ್ತದೆ.

ಇನ್ನು ಕನ್ನಡದ ಮಾತು. ತಪ್ಪು ನಡೆಯುವುದು ಇಲ್ಲಿ, ಅದು ಗೊತ್ತಾಗುವುದು ತಡವಾಗಿ. ಹಾಗಾಗಿ ತುಸು ನಿಧಾನವಾಗಿ ಹೇಳಬೇಕು.

ಯುನಿಕೋಡ್ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8 ಎಂಬ ಬರೆದಿಡುವ ಕ್ರಮದಲ್ಲಿ 3 ಬೈಟ್. ‘ಕ’ ಎಂದರೆ ಇ0, ಬಿ2, 95 ಎಂಬ ಮೂರು ಬೈಟ್‌ಗಳು. ಮೈಎಸ್‌ಕ್ಯುಎಲ್‌ನಲ್ಲಿ ‘ಯುಟಿಎಫ್‌8’ ಎಂಬ ಹಳೆಯ ಹೆಸರು 3 ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಅದು ಸಾಕಾದರೂ ಯಾರಾದರೂ ಹೆಸರಿನ ಮುಂದೆ ನಗುಮುಖದ ಚಿತ್ರ ಒತ್ತಿದರೆ ಮುಗ್ಗರಿಸುತ್ತದೆ. ಆದ್ದರಿಂದ ‘ಯುಟಿಎಫ್‌8ಎಂಬಿ4’ ಇರಲಿ. 8.0ರಿಂದ ಈಚೆಗೆ ತಾನಾಗಿ ಬರುವುದೂ ಅದೇ. ಅದಕ್ಕೂ ಹಿಂದೆ ತಾನಾಗಿ ಬರುತ್ತಿದ್ದದ್ದು ‘ಲ್ಯಾಟಿನ್1’. ಹಳೆಯ ಡೇಟಾಬೇಸ್ ತಂದು ಹಾಕಿದವರ ಟೇಬಲ್‌ಗಳು ಹೊಸ ಸರ್ವರಿನಲ್ಲೂ ಲ್ಯಾಟಿನ್1 ಆಗಿಯೇ ಉಳಿಯುತ್ತವೆ ಎಂಬುದನ್ನು ಮರೆಯಬಾರದು. ‘ಷೋ ಕ್ರಿಯೇಟ್ ಟೇಬಲ್’ ಕೊಟ್ಟರೆ ಕೊನೆಯ ಸಾಲಿನಲ್ಲಿ ಗೊತ್ತಾಗುತ್ತದೆ.

ಟೇಬಲ್ ಸರಿಯಿದ್ದೂ ಪ್ರಶ್ನಾರ್ಥಕ ಚಿಹ್ನೆಗಳು ಬರುವುದುಂಟು. ಆಗ ಸೋರಿಕೆ ನಡುವಿನ ಕೊಳವೆಯಲ್ಲಿದೆ. ಪಿಎಚ್‌ಪಿಯಲ್ಲಿ ಸಂಪರ್ಕ ತೆರೆದ ಕೂಡಲೇ ‘ಸೆಟ್_ಚಾರ್‌ಸೆಟ್’ಗೆ ಯುಟಿಎಫ್‌8ಎಂಬಿ4 ಹೇಳಬೇಕು. ಆಕ್ಸೆಸ್ ಅಥವಾ ಎಕ್ಸೆಲ್‌ನಿಂದ ಒಡಿಬಿಸಿ ಎಂಬ ಸೇತುವೆಯ ಮೂಲಕ ಬರುವವರು ಎರಡು ಡ್ರೈವರ್‌ಗಳಲ್ಲಿ ‘ಆನ್ಸಿ’ ಬಿಟ್ಟು ‘ಯುನಿಕೋಡ್’ ಆರಿಸಬೇಕು. ಎಕ್ಸೆಲ್ ಪಟ್ಟಿಯನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲು, ಅಂದರೆ ಸಿಎಸ್‌ವಿ ಮಾಡುವಾಗ ಮೆನುವಿನಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಕಾಣುತ್ತವೆ. ಬರೀ ‘ಸಿಎಸ್‌ವಿ’ ಆರಿಸಿದರೆ ಕನ್ನಡವೆಲ್ಲ ಅಲ್ಲಿಯೇ ಪ್ರಶ್ನೆಯಾಗಿಬಿಡುತ್ತದೆ, ಸರ್ವರನ್ನು ಬೈದು ಫಲವಿಲ್ಲ. ‘ಸಿಎಸ್‌ವಿ ಯುಟಿಎಫ್-8’ ಆರಿಸಬೇಕು. ಇದರಲ್ಲೂ ಒಂದು ಕೊಂಕಿದೆ. ಎಕ್ಸೆಲ್ ಮೊದಲಲ್ಲಿ ಆ ಮೂರು ಕಾಣದ ಬೈಟ್‌ಗಳನ್ನು ಸೇರಿಸುತ್ತದೆ. ಶೀರ್ಷಿಕೆಯ ಸಾಲಿದ್ದು, ಏರಿಸುವ ಕಮಾಂಡಿನಲ್ಲಿ ‘ಇಗ್ನೋರ್ 1 ಲೈನ್ಸ್’ ಎಂದು ಬಿಟ್ಟುಕೊಟ್ಟರೆ ಅವು ಅದರೊಂದಿಗೇ ಹೋಗುತ್ತವೆ. ಶೀರ್ಷಿಕೆ ಇಲ್ಲದಿದ್ದರೆ ಮೊದಲ ಪುಸ್ತಕದ ಸಂಖ್ಯೆ 1 ಆಗಿದ್ದರೂ ‘ಇದು ಸಂಖ್ಯೆಯಲ್ಲ’ ಎಂದು ಸರ್ವರ್ ತಿರಸ್ಕರಿಸುತ್ತದೆ. ಕನ್ನಡ ಅಂಕಿಗಳಲ್ಲಿ ೧, ೨, ೩ ಎಂದು ಟೈಪಿಸಿ ಸಂಖ್ಯೆಯ ಕಾಲಂಗೆ ಹಾಕಿದರೂ ಇದೇ 1366 ಸಂಖ್ಯೆಯ ದೋಷ. ಮೊತ್ತ, ದಿನಾಂಕ, ಕ್ರಮಸಂಖ್ಯೆಗೆ 1, 2, 3 ಇರಲಿ. ಅಚ್ಚು ಹಾಕುವಾಗ ಕನ್ನಡ ಅಂಕಿಗೆ ಬದಲಿಸಿದರೆ ಸಾಕು.

ಕಪ್ಪು ಕಮಾಂಡ್ ಕಿಟಕಿಯಲ್ಲಿ ಕನ್ನಡ ಚೌಕ ಚೌಕವಾಗಿ ಕಂಡಿತೆಂದು ಗಾಬರಿಯಾಗಬೇಡಿ. ಆ ಕಿಟಕಿಗೆ ಒತ್ತಕ್ಷರ ಕೂಡಿಸಲು ಬಾರದು, ಅಷ್ಟೇ. ಒಳಗಿರುವುದು ಏನು ಎಂದು ತಿಳಿಯಲು ಬೈಟ್‌ಗಳನ್ನು ಇದ್ದ ಹಾಗೆ ತೋರಿಸುವ ‘ಹೆಕ್ಸ್’ ಎಂಬ ಫಂಕ್ಷನ್ ಇದೆ. ‘ಸೆಲೆಕ್ಟ್ ಹೆಕ್ಸ್(ಹೆಸರು)’ ಎಂದು ಕೇಳಿ. ‘ಕ’ದಿಂದ ಶುರುವಾಗುವ ಹೆಸರಿಗೆ ಇ0ಬಿ295 ಬಂದರೆ ದಾಖಲೆ ಸುಸೂತ್ರ, ಕಾಣಿಸುವ ಪ್ರೋಗ್ರಾಂ ಮಾತ್ರ ತಪ್ಪು. ಸಿ3ಎ0ಸಿ2ಬಿ2 ಎಂದು ಬಂದರೆ ಯುಟಿಎಫ್-8 ಮೇಲೆ ಇನ್ನೊಮ್ಮೆ ಯುಟಿಎಫ್-8 ಬಳಿದಂತಾಗಿದೆ. ತೆರೆಯ ಮೇಲೆ ‘ಎ’ ತಲೆಯಲ್ಲೊಂದು ಓರೆಗೆರೆ, ಪಕ್ಕದಲ್ಲಿ ಪುಟ್ಟ 2 ಅಥವಾ 3, ಹೀಗೆ ಸಾಲುಗಟ್ಟುವ ಕಸ ಇದೇ. ಇದನ್ನು ಹಿಂದಕ್ಕೆ ತಿರುಗಿಸಿ ಸರಿಮಾಡಬಹುದು. 3ಎಫ್3ಎಫ್3ಎಫ್ ಎಂದು ಬಂದರೆ ಮಾತ್ರ ಆಸೆ ಬಿಡಬೇಕು. 3ಎಫ್ ಎಂದರೆ ಪ್ರಶ್ನಾರ್ಥಕ ಚಿಹ್ನೆಯೇ. ಮೂಲ ಅಕ್ಷರ ಎಲ್ಲೂ ಉಳಿದಿಲ್ಲ, ಕಾಗದ ನೋಡಿ ಮತ್ತೆ ಟೈಪಿಸಬೇಕು. ಹಾಗಾಗಿ ಸಾವಿರ ಸಾಲು ಏರಿಸುವ ಮೊದಲು ಐದು ಸಾಲು ಏರಿಸಿ ಹೆಕ್ಸ್ ನೋಡುವುದು ಜಾಣತನ.

50ಸಿ380 ಎಂದು ಬಂದರೆ? ಆಗ ಒಳಗಿರುವುದು ಕನ್ನಡವೇ ಅಲ್ಲ, ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟ್ ಸಂಕೇತ. ನಮ್ಮ ಕಚೇರಿ, ಸಂಘಗಳಲ್ಲಿ ಹಳೆಯ ಪಟ್ಟಿಗಳು ಈ ರೂಪದಲ್ಲೇ ಬಿದ್ದಿವೆ. ಅಲ್ಲಿ ‘ಕ’ ಎಂದರೆ ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ಓರೆಗೆರೆ ಹೊತ್ತ ‘ಎ’. ಫಾಂಟ್ ಹಾಕಿದಾಗ ಕಣ್ಣಿಗೆ ಕನ್ನಡ, ಸರ್ವರಿಗೆ ಮಾತ್ರ ಇಂಗ್ಲಿಷ್. ಹಾಗೇ ಏರಿಸಿದರೆ ಏನಾಗುತ್ತದೆ ನೋಡಿ. ಆ ಸಂಕೇತದಲ್ಲಿ ದೊಡ್ಡ ‘ಜೆಡ್’ನಿಂದ ‘ಚ’, ಚಿಕ್ಕ ‘ಜೆಡ್’ನಿಂದ ‘ದ’. ದೊಡ್ಡ ‘ವಿ’ ಎಂದರೆ ‘ಗಿ’, ಚಿಕ್ಕ ‘ವಿ’ಯಿಂದ ‘ತ’. ತಲೆಕಟ್ಟಿಗೆ ಎಡಕ್ಕೆ ವಾಲಿದ ಗೆರೆಯ ‘ಎ’, ದೀರ್ಘಕ್ಕೆ ಬಲಕ್ಕೆ ವಾಲಿದ ಗೆರೆಯ ‘ಎ’. ಸರ್ವರ್ ತಾನಾಗಿ ಬಳಸುವ ಅಕ್ಷರ ಹೋಲಿಕೆಯ ಕ್ರಮವೋ, ಅಂದರೆ ಕೊಲೇಶನ್, ದೊಡ್ಡ-ಚಿಕ್ಕ ಅಕ್ಷರದ ಭೇದವನ್ನೂ ಎಣಿಸುವುದಿಲ್ಲ, ತಲೆಯ ಮೇಲಿನ ಗೆರೆಯ ಭೇದವನ್ನೂ ಎಣಿಸುವುದಿಲ್ಲ. ಪರಿಣಾಮ: ‘ದರ’ ಎಂದು ಹುಡುಕಿದರೆ ದರವೂ ಬರುತ್ತದೆ, ಚರವೂ ಬರುತ್ತದೆ, ದಾರವೂ ಬರುತ್ತದೆ! ಎರಡೆರಡು ಸಲ ಬರಬಾರದೆಂದು ‘ಯುನಿಕ್’ ಹಾಕಿದ ಕಾಲಂನಲ್ಲಿ ‘ದಾರಿ’ ಇದ್ದರೆ ‘ಚಾರಿ’ಯನ್ನು ಒಳಗೇ ಬಿಡುವುದಿಲ್ಲ. ಇದು ಸರ್ವರಿನ ತಪ್ಪಲ್ಲ. ಅದಕ್ಕೆ ಕೊಟ್ಟ ಇಂಗ್ಲಿಷನ್ನು ಅದು ಇಂಗ್ಲಿಷಿನಂತೆ ಓದಿತು.

ಆದ್ದರಿಂದ ಏರಿಸುವ ಮೊದಲೇ ಯುನಿಕೋಡ್‌ಗೆ ತಿರುಗಿಸಬೇಕು. ನುಡಿ, ಬರಹ ಎರಡಕ್ಕೂ ಪರಿವರ್ತಕಗಳಿವೆ. ಆದರೆ ಇಡೀ ಹಾಳೆಯನ್ನು ಅದರ ಬಾಯಿಗೆ ಕೊಡಬಾರದು. ಕನ್ನಡದ ಕಾಲಂಗಳನ್ನು ಮಾತ್ರ ಕೊಡಬೇಕು, ಇಲ್ಲದಿದ್ದರೆ ಪ್ರಕಾಶಕರ ಇಂಗ್ಲಿಷ್ ಹೆಸರು, ಮಿಂಚಂಚೆ ವಿಳಾಸಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಬರೆದಂತೆ ಅಕ್ಷರದ ಆಮೇಲೆ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚರಿಸಿದಂತೆ ಮೊದಲು ಬರುತ್ತದೆ. ಪರಿವರ್ತಕ ಎಡವುವುದಿದ್ದರೆ ಮೊದಲು ಎಡವುವುದು ಇಲ್ಲಿಯೇ.

ಯುನಿಕೋಡ್ ಆದ ಮೇಲೂ ಎರಡು ಸಣ್ಣ ವಿಷಯ. ಕಾಲಂನ ಅಗಲ ಅಳೆಯುವಾಗ ನಾವು ಎಣಿಸುವ ಅಕ್ಷರ ಬೇರೆ, ಸರ್ವರ್ ಎಣಿಸುವ ಸಂಕೇತ ಬೇರೆ. ‘ಶ್ರೀನಿವಾಸಮೂರ್ತಿ’ ನಮಗೆ 6 ಅಕ್ಷರ. ಸರ್ವರಿಗೆ ಒತ್ತು, ಗುಣಿತಗಳೆಲ್ಲ ಬೇರೆ ಬೇರೆಯಾಗಿ 15 ಸಂಕೇತ, ಬೈಟ್ ಲೆಕ್ಕದಲ್ಲಿ 45. ‘ವಾರ್‌ಕ್ಯಾರ್(20)’ ಎಂದು, ಅಂದರೆ 20 ಸಂಕೇತಕ್ಕೇ ಮಿತಿ ಹಾಕಿ, ಜಿಪುಣತನ ಮಾಡಿದರೆ ಅಪ್ಪನ ಹೆಸರು, ಊರಿನ ಹೆಸರು ಸೇರುವಷ್ಟರಲ್ಲಿ 1406 ಸಂಖ್ಯೆಯ ದೋಷ. 100, 150 ಎಂದು ಇಡಿ. ಬಳಸದ ಜಾಗಕ್ಕೆ ಬಾಡಿಗೆಯಿಲ್ಲ. ಇನ್ನೊಂದು, ತಾನಾಗಿ ಬರುವ ‘0900_ಎಐ_ಸಿಐ’ ಕೊಲೇಶನ್‌ನಲ್ಲಿ ಫ ಮತ್ತು ಫ಼ ಒಂದೇ. ಬೇರೆಯಾಗಬೇಕೆಂದರೆ ಆ ಕಾಲಂಗೆ ಮಾತ್ರ ‘ಯುಟಿಎಫ್‌8ಎಂಬಿ4_ಬಿನ್’ ಕೊಡಬಹುದು, ಆದರೆ ಅದಕ್ಕೊಂದು ಬೆಲೆ ಇದೆ. ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತು ಕೂಡದಂತೆ ತಡೆಯುವ ಕಾಣದ ಸಂಕೇತವನ್ನು ಒಬ್ಬರು ಹಾಕಿ, ಇನ್ನೊಬ್ಬರು ಬಿಟ್ಟಿದ್ದರೆ ಬಿನ್‌ನ ಕಣ್ಣಿಗೆ ಅವು ಎರಡು ಪದ. ಗ್ರಂಥಾಲಯದ ಹುಡುಕಾಟಕ್ಕೆ ತಾನಾಗಿ ಬಂದದ್ದೇ ಮೇಲು.

ಬೇರೆ ಕಂಪ್ಯೂಟರಿನಿಂದ ಸಂಪರ್ಕಿಸುವ ಕೆಲಸದಲ್ಲಿ ದೋಷದ ಸಂಖ್ಯೆ ಓದಲು ಬಂದರೆ ಅರ್ಧ ಗೆದ್ದಂತೆ. ಸರ್ವರ್ ಇರುವ ಕಂಪ್ಯೂಟರಿಗೆ ರೌಟರಿನಲ್ಲಿ ಒಂದೇ ವಿಳಾಸವನ್ನು ಕಾಯ್ದಿರಿಸಿ, 192.168.1.10 ಎಂದಿಟ್ಟುಕೊಳ್ಳಿ. ಕಾಯ್ದಿರಿಸದಿದ್ದರೆ ಒಂದು ದಿನ ವಿಳಾಸ ಬದಲಾಗಿ ಎಲ್ಲ ನಿಲ್ಲುತ್ತದೆ. 2003 ಎಂಬ ದೋಷದ ಸಂಖ್ಯೆಯ ಪಕ್ಕದಲ್ಲಿ 10060 ಬಂದರೆ ಫೈರ್‌ವಾಲ್ ನುಂಗುತ್ತಿದೆ ಎಂದರ್ಥ. ವಿಂಡೋಸ್ ಆ ವೈಫೈಯನ್ನು ‘ಪಬ್ಲಿಕ್’ ಎಂದುಕೊಂಡಿದೆಯೇ ನೋಡಿ, ‘ಪ್ರೈವೇಟ್’ ಮಾಡಿ. 10061 ಬಂದರೆ ಬಾಗಿಲವರೆಗೆ ಹೋಗಿದ್ದೀರಿ, ಒಳಗೆ ಯಾರೂ ಇಲ್ಲ: ಸರ್ವಿಸ್ ನಿಂತಿದೆ ಅಥವಾ ‘ಬೈಂಡ್-ಅಡ್ರೆಸ್’ 127.0.0.1 ಎಂದಿದೆ, ಅಂದರೆ ತನ್ನ ಕಂಪ್ಯೂಟರಿನೊಳಗಿನ ಕರೆಗೆ ಮಾತ್ರ ಕಿವಿಗೊಡುತ್ತಿದೆ. 1130 ಬಂದರೆ ಆ ಕಂಪ್ಯೂಟರಿನಿಂದ ಬರಲು ಯಾವ ಖಾತೆಗೂ ಅನುಮತಿಯಿಲ್ಲ. 1045 ಎಂದರೆ ಹೆಸರು, ಪಾಸ್‌ವರ್ಡ್ ಹೊಂದುತ್ತಿಲ್ಲ. ಹಳೆಯ ಪ್ರೋಗ್ರಾಂ ‘ಕ್ಯಾಶಿಂಗ್_ಷಾ2_ಪಾಸ್‌ವರ್ಡ್’ ಎಂಬ ಹೊಸ ಪಾಸ್‌ವರ್ಡ್ ಪದ್ಧತಿ ಗೊತ್ತಿಲ್ಲವೆಂದು ಗೋಳಿಟ್ಟರೆ ಅದರ ಡ್ರೈವರನ್ನು ಹೊಸದು ಮಾಡಿ. ಸರ್ವರನ್ನು ಹಳೆಯ ಪದ್ಧತಿಗೆ ಇಳಿಸುವ ಸಲಹೆ ಬೇಡ, 9.0ರಿಂದ ಆ ಪದ್ಧತಿಯನ್ನೇ ತೆಗೆದುಹಾಕಿದ್ದಾರೆ.

ಎಲ್ಲಿಂದ ಬೇಕಾದರೂ ಬರಬಹುದಾದ ರೂಟ್ ಖಾತೆ ಮಾಡಬಾರದು. ಕೌಂಟರಿನಲ್ಲಿ ಕೂರುವವರಿಗೆ ‘192.168.1.%’ (ಒಳಗಿನ ಜಾಲದಿಂದ ಮಾತ್ರ) ಎಂಬ ಮಿತಿಯೊಂದಿಗೆ ಬೇರೆ ಖಾತೆ, ಅದಕ್ಕೆ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಹಕ್ಕು. ಡಿಲೀಟ್ ಬೇಕಿಲ್ಲ, ಟೇಬಲನ್ನೇ ಕಿತ್ತುಹಾಕುವ ಡ್ರಾಪ್ ಅಂತೂ ಖಂಡಿತ ಬೇಡ. ಮನೆಯಿಂದಲೂ ನೋಡಬಹುದೆಂದು ರೌಟರಿನಲ್ಲಿ 3306ನ್ನು ಹೊರಜಗತ್ತಿಗೆ ತೆರೆಯುವುದು ಮನೆಯ ಬೀಗದ ಕೈಯನ್ನು ಬಸ್‌ಸ್ಟ್ಯಾಂಡಿನ ಕಂಬಕ್ಕೆ ತಗುಲಿಹಾಕಿದಂತೆ. ತೆರೆದ ಪೋರ್ಟ್ ಹುಡುಕುವ ಯಂತ್ರಗಳು ಹಗಲಿರುಳು ಓಡಾಡುತ್ತಿರುತ್ತವೆ. 2017ರಲ್ಲಿ ಹೀಗೆ ಬಯಲಿಗೆ ಬಿಟ್ಟ ಮೈಎಸ್‌ಕ್ಯುಎಲ್ ಸರ್ವರ್‌ಗಳಲ್ಲಿ ಟೇಬಲ್‌ಗಳನ್ನು ಅಳಿಸಿ, ಬಿಟ್‌ಕಾಯಿನ್ ಕೊಡಿ ಎಂಬ ಚೀಟಿಯನ್ನು ಟೇಬಲ್ ರೂಪದಲ್ಲೇ ಬಿಟ್ಟುಹೋದ ದಾಳಿಗಳು ನಡೆದಿವೆ.

ಕರೆಂಟು ಹೋಗುವುದು ನಮಗೆ ಹೊಸದಲ್ಲ. ‘ಇನ್ನೊಡಿಬಿ’ ಎಂಬ ಮಾಮೂಲು ಎಂಜಿನ್ ಅರ್ಧ ಬರೆದ ವ್ಯವಹಾರವನ್ನು ಮತ್ತೆ ಏಳುವಾಗ ತಾನೇ ಸರಿಪಡಿಸಿಕೊಳ್ಳುತ್ತದೆ. ‘ಇನ್ನೊಡಿಬಿ_ಫ್ಲಷ್_ಲಾಗ್_ಅಟ್_ಟಿಆರ್‌ಎಕ್ಸ್_ಕಮಿಟ್’ ಎಂಬ ಸೆಟ್ಟಿಂಗ್ 1 ಎಂದೇ ಇದ್ದರೆ ‘ಆಯಿತು’ ಎಂದು ಹೇಳಿದ್ದನ್ನು ಕಳೆದುಕೊಳ್ಳುವುದಿಲ್ಲ. ವೇಗಕ್ಕೆಂದು ಅದನ್ನು 0 ಅಥವಾ 2 ಮಾಡಿದವರು ಸುಮಾರು ಒಂದು ಸೆಕೆಂಡಿನ ಬರವಣಿಗೆಯನ್ನು ಅದೃಷ್ಟಕ್ಕೆ ಬಿಟ್ಟಂತೆ. ಸಣ್ಣ ಯುಪಿಎಸ್ ಇದ್ದರೆ ನೆಮ್ಮದಿ. ಕಂಪ್ಯೂಟರ್ ನಿದ್ದೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸಿ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಪಕ್ಕದ ಕೋಣೆಯವರ ಕೆಲಸ ನಿಲ್ಲುತ್ತದೆ ಎಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಡೇಟಾ ಫೋಲ್ಡರನ್ನು ಒನ್‌ಡ್ರೈವ್, ಗೂಗಲ್ ಡ್ರೈವ್‌ನೊಳಗೆ ಇಡಲೇಬಾರದು. ಸರ್ವರ್ ಬರೆಯುತ್ತಿರುವಾಗಲೇ ಅವು ಫೈಲು ಹಿಡಿದು ಎಳೆಯುತ್ತವೆ.

ಕೊನೆಗೆ ಬ್ಯಾಕಪ್. ಸರ್ವರ್ ಓಡುತ್ತಿರುವಾಗ ಡೇಟಾ ಫೋಲ್ಡರನ್ನು ಕಾಪಿ-ಪೇಸ್ಟ್ ಮಾಡಿದರೆ ಅದು ಬ್ಯಾಕಪ್ ಅಲ್ಲ. ಒಂದು ಫೈಲು ಈ ಕ್ಷಣದ್ದು, ಇನ್ನೊಂದು ಮರುಕ್ಷಣದ್ದು. ಅದಕ್ಕೆಂದೇ ಇರುವ ಸಾಧನ ‘ಮೈಎಸ್‌ಕ್ಯುಎಲ್‌ಡಂಪ್’. ಕಮಾಂಡ್ ಹೀಗೆ:

ಮೈಎಸ್‌ಕ್ಯುಎಲ್‌ಡಂಪ್ --ಲಾಗಿನ್-ಪಾತ್=ಬ್ಯಾಕಪ್ --ಸಿಂಗಲ್-ಟ್ರಾನ್ಸಾಕ್ಷನ್ --ನೋ-ಟೇಬಲ್‌ಸ್ಪೇಸಸ್ --ರಿಸಲ್ಟ್-ಫೈಲ್=ಡಿ:/ಬ್ಯಾಕಪ್/ಲೈಬ್ರರಿ.ಎಸ್‌ಕ್ಯುಎಲ್ ಲೈಬ್ರರಿ

‘ಸಿಂಗಲ್-ಟ್ರಾನ್ಸಾಕ್ಷನ್’ ಇದ್ದರೆ ಕೌಂಟರಿನ ಕೆಲಸ ನಿಲ್ಲಿಸದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ‘ನೋ-ಟೇಬಲ್‌ಸ್ಪೇಸಸ್’ ಬಿಟ್ಟರೆ ಕಡಿಮೆ ಹಕ್ಕಿನ ಖಾತೆಗೆ ‘ಪ್ರೋಸೆಸ್’ ಹಕ್ಕು ಬೇಕು ಎಂದು ತಕರಾರು ತೆಗೆಯುತ್ತದೆ. ‘ರಿಸಲ್ಟ್-ಫೈಲ್’ ಬದಲು ‘>’ ಎಂಬ ಬಾಣದ ಗುರುತು ಹಾಕಿ ಫೈಲಿಗೆ ತಿರುಗಿಸುವುದು ಎಲ್ಲ ಕಡೆ ಕಾಣುವ ಪದ್ಧತಿ. ವಿಂಡೋಸ್ ಜೊತೆ ಬರುವ ಪವರ್‌ಶೆಲ್‌ನಲ್ಲಿ ಹಾಗೆ ಮಾಡಿದರೆ ಫೈಲು ಯುಟಿಎಫ್-16 ಆಗಿ ಉಳಿಯುತ್ತದೆ, ಮತ್ತೆ ಏರಿಸಲು ಹೋದಾಗ ಸರ್ವರ್ ಒಪ್ಪುವುದಿಲ್ಲ. ಫೈಲು ಇದೆ, ಗಾತ್ರವೂ ಇದೆ, ಪ್ರಯೋಜನವಿಲ್ಲ! ಪಾಸ್‌ವರ್ಡನ್ನು ಬ್ಯಾಚ್ ಫೈಲಿನಲ್ಲಿ ಬರೆಯದೆ ‘ಮೈಎಸ್‌ಕ್ಯುಎಲ್_ಕಾನ್ಫಿಗ್_ಎಡಿಟರ್’ನಿಂದ ಲಾಗಿನ್-ಪಾತ್ (ಹೆಸರು, ಪಾಸ್‌ವರ್ಡ್ ಮರೆಮಾಡಿಟ್ಟ ಫೈಲು) ಮಾಡಿಕೊಳ್ಳಿ. ಅದು ಆಯಾ ವಿಂಡೋಸ್ ಬಳಕೆದಾರರ ಫೋಲ್ಡರಿನಲ್ಲಿ ಕೂರುತ್ತದೆ. ಹಾಗಾಗಿ ಟಾಸ್ಕ್ ಷೆಡ್ಯೂಲರ್‌ನಲ್ಲಿ ಕೆಲಸವನ್ನು ‘ಸಿಸ್ಟಂ’ ಹೆಸರಿನಲ್ಲಿ ಓಡಿಸಿದರೆ ಪಾಸ್‌ವರ್ಡ್ ಸಿಗದೆ ರಾತ್ರಿಯಿಡೀ ಖಾಲಿ ಫೈಲು ಹುಟ್ಟುತ್ತದೆ. ಲಾಗಿನ್-ಪಾತ್ ಮಾಡಿದ ಬಳಕೆದಾರರ ಹೆಸರಿನಲ್ಲೇ ಓಡಿಸಬೇಕು.

ಬೆಳಿಗ್ಗೆ ಆ ಫೈಲಿನ ಕೊನೆಯ ಸಾಲು ನೋಡಿ. ‘ಡಂಪ್ ಕಂಪ್ಲೀಟೆಡ್ ಆನ್’ ಎಂದು ದಿನಾಂಕದೊಂದಿಗೆ ಇಲ್ಲದಿದ್ದರೆ ಅದು ನಡುವೆಯೇ ನಿಂತ ಬ್ಯಾಕಪ್. ಇದ್ದರೂ ತಿಂಗಳಿಗೊಮ್ಮೆ ಮರಳಿ ಏರಿಸಿ ನೋಡಬೇಕು. ಇಲ್ಲಿ ಒಂದು ಹಳ್ಳ ಇದೆ, ಕಣ್ಣು ಬಿಟ್ಟು ದಾಟಬೇಕು. ಡಂಪ್ ತೆಗೆಯುವಾಗ ‘--ಡೇಟಾಬೇಸಸ್’ ಎಂಬ ಆಯ್ಕೆ ಕೊಟ್ಟಿದ್ದರೆ ಫೈಲಿನೊಳಗೇ ‘ಯೂಸ್ ಲೈಬ್ರರಿ’ ಎಂದು ಬರೆದಿರುತ್ತದೆ. ನೀವು ಪರೀಕ್ಷೆಗೆಂದು ಬೇರೆ ಡೇಟಾಬೇಸ್ ತೆರೆದು ಏರಿಸಿದರೂ ಅದು ನೇರ ಅಸಲಿಗೇ ಹೋಗಿ, ಟೇಬಲ್‌ಗಳನ್ನು ಅಳಿಸಿ, ನಿನ್ನೆಯದನ್ನು ಹರಡುತ್ತದೆ. ಇವತ್ತಿನ ಕೆಲಸ ಹೋಯಿತು. ಮೇಲಿನ ಕಮಾಂಡಿನಲ್ಲಿ ಆ ಆಯ್ಕೆ ಇಲ್ಲದಿರುವುದು ಅದಕ್ಕೇ. ‘ಕ್ರಿಯೇಟ್ ಡೇಟಾಬೇಸ್ ಪರೀಕ್ಷೆ’, ಆಮೇಲೆ ‘ಯೂಸ್ ಪರೀಕ್ಷೆ’, ಆಮೇಲೆ ‘ಸೋರ್ಸ್ ಡಿ:/ಬ್ಯಾಕಪ್/ಲೈಬ್ರರಿ.ಎಸ್‌ಕ್ಯುಎಲ್’. ಪವರ್‌ಶೆಲ್ ‘<’ ಎಂಬ ಎಡಗಡೆಯ ಬಾಣವನ್ನು ಒಪ್ಪುವುದಿಲ್ಲವಾದ್ದರಿಂದ ಸೋರ್ಸ್ ಎಂಬ ಈ ದಾರಿಯೇ ಸಲೀಸು. ಮುಗಿದ ಮೇಲೆ ಎರಡೂ ಕಡೆ ಸಾಲುಗಳನ್ನು ಎಣಿಸಿ, ಒಂದು ಕನ್ನಡ ಹೆಸರಿನ ಹೆಕ್ಸ್ ಕೇಳಿ. ಇ0ಬಿ2 ಎಂದು ಶುರುವಾಗಬೇಕು.

ನಿಮ್ಮ ಪತ್ರಿಕೆಯಲ್ಲಿ ಮುಂದೆ ಇಂಥ ವಿಷಯ ಬರೆಸುವಾಗ ಹಾಕಿಕೊಳ್ಳುವ ಚಿತ್ರಗಳ ಜೊತೆಗೆ ಈ ಹೆಕ್ಸ್ ನೋಡುವ ಸಾಲನ್ನೂ, ಮರಳಿ ಏರಿಸುವ ಮೂರು ಸಾಲನ್ನೂ ಅಚ್ಚು ಹಾಕಿ. ಬ್ಯಾಕಪ್ ನಕಲು ಮಾಡಿದ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಡದೆ ಕಿತ್ತು ಬೀರುವಿನಲ್ಲಿಡಿ ಎಂದೂ ಸೇರಿಸಿ; ವೈರಸ್ ಬಂದರೆ ಚುಚ್ಚಿರುವುದನ್ನೂ ಬಿಡುವುದಿಲ್ಲ.

ಇಂತಿ,
ಡೇಟಾಬೇಸ್ ಕೆಲಸದಲ್ಲಿರುವ ಓದುಗ,
ಶಿವಮೊಗ್ಗ